ಹಳೆ ರಿವಾಲ್ವರ್, ಹೊಸ ರಿವಾಲ್ವರ್: ಯಾವುದರ ಗುರಿ ಚೆನ್ನ? ಸರಿಯಾಗಿ ಹೋಲಿಸುವುದು ಹೀಗೆ

‘ಹಳೇದರ ಹಾಗೆ ಹೊಸದು ಇಲ್ಲ ಬಿಡಿ.’ ಅಮೆರಿಕದ ಶೂಟಿಂಗ್ ರೇಂಜ್‌ಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ‘ಈಗಿನ ಕಂಪ್ಯೂಟರ್ ಮೆಷಿನ್ ಕೆಲಸದ ಮುಂದೆ ಹಳೇದು ಏನು ಮಹಾ’ ಅನ್ನುವವರೂ ಅಲ್ಲೇ ಪಕ್ಕದಲ್ಲಿ ಇರುತ್ತಾರೆ. ಇಬ್ಬರೂ ಹತ್ತಿಪ್ಪತ್ತು ಗುಂಡು ಹೊಡೆದು, ಕಾಗದ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಆ ಕಾಗದದ ಮೇಲೆ ಬಿದ್ದ ತೂತುಗಳಲ್ಲಿ ರಿವಾಲ್ವರಿನ ಪಾಲೆಷ್ಟು, ಕೈಯ ಪಾಲೆಷ್ಟು, ಕಾಡತೂಸಿನ ಪಾಲೆಷ್ಟು? ಅದನ್ನು ಬಿಡಿಸಿ ನೋಡದೆ ಹೋಲಿಕೆ ಮಾಡಿದರೆ ಅದಕ್ಕೆ ಅರ್ಥ ಇಲ್ಲ. ಬಿಡಿಸಿ ನೋಡುವುದು ಹೇಗೆ ಅನ್ನುವುದೇ ಈ ಲೇಖನ.

ಅಮೆರಿಕಕ್ಕೆ ಬಂದು ಶೂಟಿಂಗ್ ಕ್ಲಬ್ ಸೇರಿದ ಮೇಲೆ ನಾನು ಈ ಕ್ರಮ ಕಲಿತಿದ್ದು. ಊರಲ್ಲಿ ಓದುತ್ತಿರುವವರಿಗೆ ಮೊದಲೇ ಒಂದು ಮಾತು. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ರಿವಾಲ್ವರ್ ಇಟ್ಟುಕೊಳ್ಳುವಂತಿಲ್ಲ. ಅಭ್ಯಾಸ ಏನಿದ್ದರೂ ರೈಫಲ್ ಅಸೋಸಿಯೇಷನ್‌ನಂಥ ಅಧಿಕೃತ ರೇಂಜ್‌ನಲ್ಲೇ, ಕೋಚ್ ಎದುರಲ್ಲೇ ಆಗಬೇಕು.

ಮೊದಲು ಜೋಡಿ ಆರಿಸಿ

ಹೋಲಿಸುವ ಎರಡೂ ಒಂದೇ ಕೆಲಸಕ್ಕೆ ಮಾಡಿದ್ದಾಗಿರಬೇಕು. ನಳಿಗೆಯ ಉದ್ದ ಒಂದೇ ಇರಬೇಕು, ಕಾಡತೂಸು ಒಂದೇ ಇರಬೇಕು. ನಾನಿಲ್ಲಿ ತೆಗೆದುಕೊಂಡಿರುವುದು ಸ್ಮಿತ್ ಅಂಡ್ ವೆಸನ್ ಕಂಪನಿಯ ಎರಡು ರಿವಾಲ್ವರ್. ಹಳೇದು ಕೆ-38 ಮಾಸ್ಟರ್‌ಪೀಸ್. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಬಂದಿದ್ದು. 1957ರಲ್ಲಿ ಕಂಪನಿ ಎಲ್ಲದಕ್ಕೂ ನಂಬರ್ ಕೊಟ್ಟಾಗ ಅದು ಮಾಡೆಲ್ 14 ಆಯಿತು. ಹೊಸದು ಮಾಡೆಲ್ 686. 1980ರ ದಶಕದ ಆರಂಭದಲ್ಲಿ ಶುರುವಾಗಿ ಇವತ್ತಿಗೂ ತಯಾರಾಗುತ್ತಿದೆ. ಎರಡರದ್ದೂ ನಳಿಗೆ ಆರು ಇಂಚು, ಎರಡೂ .38 ಸ್ಪೆಷಲ್ ಕಾಡತೂಸು ಹಾರಿಸುತ್ತವೆ.

ನಿಮ್ಮ ಹತ್ತಿರ ಕೋಲ್ಟ್ ಇದ್ದರೂ ಕ್ರಮ ಇದೇ. ಕೋಲ್ಟ್ ಪೈಥಾನ್ 1955ರಲ್ಲಿ ಬಂತು, ನಿಂತುಹೋಗಿ 2020ರಲ್ಲಿ ಮತ್ತೆ ಬಂತು. ಒಂದೇ ಹೆಸರಿನ ಹಳೇದು ಹೊಸದು ಎರಡೂ ಸಿಗುವ ಒಳ್ಳೆ ಜೋಡಿ ಅದು.

ನಮ್ಮ ಜೋಡಿಯಲ್ಲಿ ಒಂದು ವ್ಯತ್ಯಾಸ ಮಾತ್ರ ತಪ್ಪಿಸಲಾಗದ್ದು. ಕೆ-38ರ ಚೇಂಬರ್, ಅಂದರೆ ಕಾಡತೂಸು ಕೂರುವ ತೂತು, .38 ಸ್ಪೆಷಲ್‌ಗೆಂದೇ ಕೊರೆದದ್ದು. 686ರದ್ದು ಉದ್ದನೆಯ .357 ಮ್ಯಾಗ್ನಮ್‌ಗೆ ಕೊರೆದದ್ದು. ಮ್ಯಾಗ್ನಮ್ ಕೇಸು (ಕಾಡತೂಸಿನ ಲೋಹದ ಹೊರ ಕೊಳವೆ) ಸುಮಾರು 3.4 ಮಿ.ಮೀ. ಜಾಸ್ತಿ ಉದ್ದ. ಹಾಗಾಗಿ 686ರಲ್ಲಿ .38 ಹಾಕಿದಾಗ ಗುಂಡು ನಳಿಗೆ ಸೇರುವ ಮುಂಚೆ ಅಷ್ಟು ದೂರ ಜಾಸ್ತಿ ಹಾರಬೇಕು. ಇದನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಇನ್ನೊಂದು ಅಪಾಯವೂ ಇದೆ. .38 ತುಂಬ ಹೊಡೆದಾಗ ಆ ಖಾಲಿ ಜಾಗದಲ್ಲಿ ಮಸಿಯ ಬಳೆ ಕಟ್ಟುತ್ತದೆ. ಶುರು ಮಾಡುವ ಮುಂಚೆ ಆರೂ ಚೇಂಬರ್ ಬ್ರಷ್ ಹಾಕಿ ತಿಕ್ಕಿ ತೆಗೆಯಿರಿ.

ಒಂದು ಗುಂಡೂ ಹೊಡೆಯದೆ ಮಾಡುವ ತಪಾಸಣೆ

ಚೇಂಬರ್‌ಗಳಿರುವ, ತಿರುಗುವ ಉರುಳೆಯೇ ಸಿಲಿಂಡರ್. ಅದನ್ನು ಹೊರಕ್ಕೆ ತೆರೆದು, ಆರೂ ಚೇಂಬರ್ ಖಾಲಿ ಇದೆಯೇ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ನೋಡಿ. ಆಮೇಲೆ ನಾಲ್ಕು ಕೆಲಸ.

ಸಿಲಿಂಡರಿನ ಮುಂಭಾಗಕ್ಕೂ ನಳಿಗೆಯ ಹಿಂಭಾಗಕ್ಕೂ ನಡುವೆ ಸಣ್ಣ ಸಂದು ಇರುತ್ತದೆ. ಬೈಕಿನ ಟ್ಯಾಪೆಟ್ ಸೆಟ್ ಮಾಡುವ ಮೆಕ್ಯಾನಿಕ್ ಹತ್ತಿರ ತೆಳ್ಳನೆ ತಗಡಿನ ಫೀಲರ್ ಗೇಜ್ ಇರುತ್ತದಲ್ವಾ, ಅದರಲ್ಲೇ ಅಳೆಯಬಹುದು. ಸಾಮಾನ್ಯವಾಗಿ 0.10ರಿಂದ 0.25 ಮಿ.ಮೀ. ಒಳಗೆ ಇರುತ್ತದೆ. ಸಂದು ಜಾಸ್ತಿ ಆದಷ್ಟೂ ಅನಿಲ ಅಲ್ಲಿಂದ ಸೋರಿ ಗುಂಡಿನ ವೇಗ ಇಳಿಯುತ್ತದೆ. ಹೊಡೆಯುವಾಗ ಈ ಸಂದಿನಿಂದ ಬಿಸಿ ಅನಿಲ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಅದಕ್ಕೇ ಬೆರಳು ಸಿಲಿಂಡರ್ ದಾಟಿ ಮುಂದಕ್ಕೆ ಹೋಗಬಾರದು, ಪಕ್ಕದಲ್ಲಿ ಯಾರೂ ನಿಲ್ಲಬಾರದು. ಕನ್ನಡಕ, ಕಿವಿಗೆ ಮಫ್ ಕಡ್ಡಾಯ.

ಎರಡನೇದು ಟೈಮಿಂಗ್. ಸಿಲಿಂಡರ್ ಮುಚ್ಚಿ, ಒಂದು ಬೆರಳನ್ನು ಅದರ ಮೇಲೆ ಹಗುರವಾಗಿ ಇಟ್ಟು, ಹಿಂದುಗಡೆ ಇರುವ ಹ್ಯಾಮರನ್ನು (ಕಾಡತೂಸಿಗೆ ಬಡಿಯುವ ಭಾಗ) ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವಷ್ಟರಲ್ಲಿ ಸಿಲಿಂಡರ್ ‘ಕ್ಲಿಕ್’ ಅಂತ ಬೀಗ ಹಾಕಿಕೊಂಡಿರಬೇಕು. ಆರೂ ಚೇಂಬರಿಗೆ ಹೀಗೇ ನೋಡಿ. ಹಳೆ ಕೋಲ್ಟ್‌ಗಳಲ್ಲಿ ಇದು ತುಂಬ ಮುಖ್ಯ. ಟ್ರಿಗರ್ ಒತ್ತಿ ಹಿಡಿದಾಗ ಅವುಗಳ ಸಿಲಿಂಡರ್ ಅಲುಗಾಡದೆ ಬಿಗಿಯಾಗಿ ನಿಲ್ಲುತ್ತದೆ, ಜನ ಮೆಚ್ಚುವುದೂ ಅದನ್ನೇ. ಆದರೆ ಸಿಲಿಂಡರನ್ನು ತಳ್ಳಿ ತಿರುಗಿಸುವ, ‘ಹ್ಯಾಂಡ್’ ಅನ್ನುವ ಚಿಕ್ಕ ಭಾಗ ಸವೆದರೆ ಟೈಮಿಂಗ್ ಹಿಂದೆ ಬೀಳುತ್ತದೆ. ಸರಿ ಮಾಡಲು ಕೈಪಳಗಿದ ಕೆಲಸಗಾರರೇ ಬೇಕು. ಸ್ಮಿತ್‌ನಲ್ಲಿ ಕೂದಲೆಳೆಯಷ್ಟು ಅಲುಗಾಟ ಸಹಜ.

ನಳಿಗೆಯ ಬಾಯಿ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಸಣ್ಣ ಚಕ್ಕೆ ಹಾರಿದ್ದರೂ ಗುಂಡು ದಿಕ್ಕು ತಪ್ಪುತ್ತದೆ. ಕೊನೆಗೆ ಟ್ರಿಗರ್ ಭಾರವನ್ನು ಸ್ಪ್ರಿಂಗ್ ತಕ್ಕಡಿಯಲ್ಲಿ ಐದು ಸಲ ಅಳೆದು ಸರಾಸರಿ ಬರೆದುಕೊಳ್ಳಿ.

ಈ ಟ್ರಿಗರ್ ವಿಚಾರದಲ್ಲಿ ಸ್ವಲ್ಪ ನಿಲ್ಲಲೇಬೇಕು. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ತಮ್ಮ ಕೆ-38 ಅನ್ನು ಮೊದಲ ಸಲ ನನ್ನ ಕೈಗೆ ಕೊಟ್ಟಾಗ, ಖಾಲಿ ರಿವಾಲ್ವರಿನ ಹ್ಯಾಮರ್ ಹಿಂದೆ ಎಳೆದು ಟ್ರಿಗರ್ ಮೇಲೆ ಬೆರಳಿಟ್ಟೆ. ಬೆರಳು ಜರುಗಿದ್ದೇ ಗೊತ್ತಾಗಲಿಲ್ಲ. ಎಳೆ ಬೀನ್ಸ್ ಮುರಿದ ಹಾಗೆ ಪಟಕ್ಕನೆ ಬಿತ್ತು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಫ್ರಂಟ್ ಸೈಟ್ ಇದ್ದ ಜಾಗದಿಂದ ಕದಲಲಿಲ್ಲ. ಆ ಕಾಲದಲ್ಲಿ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಕೂತು, ಅರ ಹಿಡಿದು, ಒಂದೊಂದೇ ಭಾಗವನ್ನು ಕೂರಿಸುತ್ತಿದ್ದ. ಈಗ ಹ್ಯಾಮರ್, ಟ್ರಿಗರ್‌ಗಳನ್ನು ಲೋಹದ ಪುಡಿಯನ್ನು ಅಚ್ಚಿಗೆ ಒತ್ತಿ, ಸುಟ್ಟು ಮಾಡುತ್ತಾರೆ. ಒಂದರ ಹಾಗೆ ಇನ್ನೊಂದು ಬರುತ್ತದೆ, ಕೆಟ್ಟ ಟ್ರಿಗರ್ ಸಿಗುವುದು ಕಡಿಮೆ. ಆದರೆ ಆ ಬೀನ್ಸ್ ಮುರಿದ ಅನುಭವ ಪೆಟ್ಟಿಗೆಯಿಂದ ತೆಗೆದ ಕೂಡಲೇ ಸಿಗುವುದೂ ಅಪರೂಪ.

ಕಾಡತೂಸು ಒಂದೇ ಪೆಟ್ಟಿಗೆಯಿಂದ

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲ ಸಲ ಹೋಲಿಸಿದ ದಿನ ಕೆ-38ರ ಗ್ರೂಪ್, ಅಂದರೆ ಕಾಗದದ ಮೇಲೆ ಬಿದ್ದ ತೂತುಗಳ ಗುಂಪು, ಮುದ್ದಾಗಿ ಬಂತು, 686ರದ್ದು ಚೆಲ್ಲಾಡಿತು. ಗುಂಡೂ ಮೇಲಕ್ಕೆ ಬೀಳುತ್ತಿತ್ತು. ಹೊಸದು ಸರಿ ಇಲ್ಲ ಅಂತ ಬರೆದೂ ಬಿಟ್ಟೆ. ಮನೆಗೆ ಬಂದು ಖಾಲಿ ಪೆಟ್ಟಿಗೆ ಎಸೆಯುವಾಗ ನೋಡುತ್ತೇನೆ, ಎರಡು ಬೇರೆ ಬೇರೆ. ಒಂದರಲ್ಲಿ 148 ಗ್ರೇನ್ (ಗುಂಡಿನ ತೂಕದ ಅಳತೆ) ವ್ಯಾಡ್‌ಕಟರ್, ಇನ್ನೊಂದರಲ್ಲಿ 158 ಗ್ರೇನ್ ದುಂಡು ಮೂತಿಯದ್ದು. ಆ ಪುಟ ಹರಿದು ಹಾಕಿ, ಮುಂದಿನ ವಾರ ಮೊದಲಿಂದ ಶುರು ಮಾಡಿದೆ.

ವ್ಯಾಡ್‌ಕಟರ್ ಅಂದರೆ ಮೂತಿ ಚಪ್ಪಟೆ ಇರುವ, ಸುಮಾರು 9.6 ಗ್ರಾಂ ತೂಕದ ಸೀಸದ ಗುಂಡು. ಕಾಗದವನ್ನು ಪಂಚಿಂಗ್ ಮೆಷಿನ್ ಹಾಗೆ ದುಂಡಗೆ ಕತ್ತರಿಸುತ್ತದೆ. ದುಂಡು ಮೂತಿಯದ್ದು ಕಾಗದವನ್ನು ಹರಿಯುತ್ತದೆ, ಅಳೆಯಲು ಕಷ್ಟ. ಇನ್ನು ಗುಂಡು ಯಾಕೆ ಮೇಲೆ ಬಿತ್ತು ಅಂದರೆ, ರಿವಾಲ್ವರಿನ ನಳಿಗೆ ಕೈ ಹಿಡಿಯುವ ಜಾಗಕ್ಕಿಂತ ಎತ್ತರದಲ್ಲಿದೆ. ಗುಂಡು ಒಳಗಿರುವಾಗಲೇ ಮೂತಿ ಮೇಲೇಳಲು ಶುರುವಾಗುತ್ತದೆ. ಭಾರದ, ನಿಧಾನದ ಗುಂಡು ಒಳಗೆ ಜಾಸ್ತಿ ಹೊತ್ತು ಇದ್ದರೆ ಮೇಲಕ್ಕೆ ಬೀಳುತ್ತದೆ.

ಒಂದೇ ಬ್ರ್ಯಾಂಡ್, ಒಂದೇ ಲಾಟ್ ನಂಬರ್ ಇರುವ 148 ಗ್ರೇನ್ ವ್ಯಾಡ್‌ಕಟರ್ ಪೆಟ್ಟಿಗೆಗಳನ್ನೇ ಕೊಳ್ಳಿ. ಇಡೀ ಪರೀಕ್ಷೆಗೆ ಸಾಕಾಗುವಷ್ಟು ಒಟ್ಟಿಗೇ ಕೊಳ್ಳಿ.

ಆರು ಚೇಂಬರಿಗೆ ಆರು ಗುರಿ

ರಿವಾಲ್ವರಿನಲ್ಲಿ ಆರು ಚೇಂಬರು ಸರದಿಯಂತೆ ಒಂದೇ ನಳಿಗೆಯ ಮುಂದೆ ಬಂದು ನಿಲ್ಲುತ್ತವೆ. ಐದು ಸರಿ ಇದ್ದು ಒಂದು ಚೂರು ವಾರೆ ಇದ್ದರೂ ಗ್ರೂಪ್ ಕೆಡುತ್ತದೆ, ಬೈಗುಳ ಮಾತ್ರ ಇಡೀ ರಿವಾಲ್ವರಿಗೆ. ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು.

ಸಿಲಿಂಡರಿನ ಹೊರಮೈ ಮೇಲೆ ಚಾಕ್‌ಪೀಸಿನಲ್ಲಿ 1ರಿಂದ 6 ಬರೆಯಿರಿ. ಒಂದೇ ಹಾಳೆಯಲ್ಲಿ ಆರು ಸಣ್ಣ ಕಪ್ಪು ಗುರಿ ಅಂಟಿಸಿ, ಅವಕ್ಕೂ ನಂಬರ್ ಹಾಕಿ. ಒಂದನೇ ಚೇಂಬರಿನ ಗುಂಡು ಒಂದನೇ ಗುರಿಗೆ, ಎರಡನೇದು ಎರಡನೇ ಗುರಿಗೆ. ಹೀಗೆ ಐದು ಸುತ್ತು, ಅಂದರೆ ಒಂದು ರಿವಾಲ್ವರಿಗೆ 30 ಗುಂಡು. ಸ್ಮಿತ್‌ನಲ್ಲಿ ಸಿಲಿಂಡರ್ ಹೊಡೆಯುವವರ ಕಣ್ಣಿಗೆ ಎಡಕ್ಕೆ ತಿರುಗುತ್ತದೆ. ಹಾಗಾಗಿ ಮುಚ್ಚುವಾಗ ಒಂದನೇ ನಂಬರನ್ನು ನೆತ್ತಿಯಲ್ಲಿ ಇಡಬೇಡಿ, ನೆತ್ತಿಯ ಬಲಪಕ್ಕದಲ್ಲಿ ಇಡಿ. ಹ್ಯಾಮರ್ ಎಳೆದಾಗ ಅದು ನೆತ್ತಿಗೆ ಬರುತ್ತದೆ. ಕೋಲ್ಟ್ ಬಲಕ್ಕೆ ತಿರುಗುತ್ತದೆ, ಅದಕ್ಕೆ ಎಡಪಕ್ಕ.

ಯಾವುದಾದರೂ ಒಂದು ಚೇಂಬರ್ ಸದಾ ಒಂದೇ ಕಡೆಗೆ ಹೋಗುತ್ತಿದ್ದರೆ ಮನೆಗೆ ಬಂದು ಒಂದು ಬಿಡಿ ಸೀಸದ ಗುಂಡನ್ನು ಖಾಲಿ ಚೇಂಬರಿನ ಮುಂಬಾಯಿಗೆ ಬೆರಳಲ್ಲಿ ಒತ್ತಿ ನೋಡಿ. ಸ್ವಲ್ಪ ತಡೆದು ಒಳಗೆ ಜಾರಬೇಕು. ಒಂದರಲ್ಲಿ ದೊಪ್ಪನೆ ಬಿದ್ದು ಇನ್ನೊಂದರಲ್ಲಿ ಸಿಕ್ಕಿಕೊಂಡರೆ ಚೇಂಬರ್‌ಗಳ ಬಾಯಿ ಸಮ ಇಲ್ಲ ಅಂತ ಅರ್ಥ.

ಮರಳಿನ ಚೀಲದ ಮೇಲಿಂದ

ಈಗ ರಿವಾಲ್ವರಿನ ನಿಜವಾದ ಅಳತೆ. ರ‍್ಯಾನ್ಸಮ್ ರೆಸ್ಟ್ ಅನ್ನುವ ಹಿಡಿ-ಯಂತ್ರ ಇದ್ದರೆ ಒಳ್ಳೆಯದು, ಮನುಷ್ಯನ ಕೈಯೇ ಬೇಡ. ಇಲ್ಲದಿದ್ದರೆ ಮರಳಿನ ಚೀಲ ಸಾಕು. ಆದರೆ ನಳಿಗೆಯನ್ನು ಗಟ್ಟಿ ವಸ್ತುವಿನ ಮೇಲೆ ಊರಬೇಡಿ, ಗುಂಡು ಬೇರೆ ಕಡೆಗೇ ಹೋಗುತ್ತದೆ. ಮಣಿಕಟ್ಟನ್ನು ಚೀಲದ ಮೇಲೆ ಇಟ್ಟು, ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಹಿಡಿಯಿರಿ. ದೂರ 25 ಗಜ, ಅಂದರೆ ಸುಮಾರು 23 ಮೀಟರ್. ಎಲ್ಲ ಗುಂಡೂ ಸಿಂಗಲ್ ಆಕ್ಷನ್‌ನಲ್ಲಿ, ಹ್ಯಾಮರ್ ಎಳೆದೇ ಹೊಡೆಯಬೇಕು.

ಐದು ಗುಂಡಿನ ಒಂದು ಗ್ರೂಪ್ ನೋಡಿ ಏನೂ ಹೇಳಲಾಗದು. ಅದೃಷ್ಟಕ್ಕೆ ಒಂದು ಚೆನ್ನಾಗಿ ಬರುತ್ತದೆ, ಇನ್ನೊಂದು ಸುಮ್ನೆ ಕೆಡುತ್ತದೆ. ಒಂದೊಂದಕ್ಕೂ ಹತ್ತು ಗ್ರೂಪ್ ಬೇಕು. ಹಳೇದರದ್ದು ಎಲ್ಲ ಮುಗಿಸಿ ಹೊಸದಕ್ಕೆ ಹೋಗಬೇಡಿ. ಅಷ್ಟರಲ್ಲಿ ಕಣ್ಣು ಸೋತಿರುತ್ತದೆ, ಬಿಸಿಲೂ ಬದಲಾಗಿರುತ್ತದೆ. ಹಳೇದು, ಹೊಸದು, ಹೊಸದು, ಹಳೇದು ಅನ್ನುವ ಸರದಿಯಲ್ಲಿ ಹೋಗಿ.

ಅಳೆಯುವುದು ಸುಲಭ. ತೀರಾ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿಯಿರಿ. ಅದರಲ್ಲಿ ಗುಂಡಿನ ಅಗಲ, ಸುಮಾರು 9 ಮಿ.ಮೀ., ಕಳೆಯಿರಿ. ಹೊರ ಅಳತೆ 61 ಇದ್ದರೆ ಗ್ರೂಪ್ 52 ಮಿ.ಮೀ. ಹತ್ತರ ಸರಾಸರಿ ತೆಗೆಯಿರಿ. ತಾಳ್ಮೆ ಇದ್ದರೆ ಇನ್ನೂ ಒಳ್ಳೆ ದಾರಿ ಇದೆ. ಎಲ್ಲ ತೂತುಗಳ ನಡುಬಿಂದು ಕಂಡುಹಿಡಿದು, ಅಲ್ಲಿಂದ ಒಂದೊಂದು ತೂತಿಗೂ ದೂರ ಅಳೆದು ಸರಾಸರಿ ಮಾಡಿ. ಒಂದು ಹುಚ್ಚು ಗುಂಡು ಇಡೀ ಲೆಕ್ಕ ಕೆಡಿಸದಂತೆ ಇದು ಕಾಯುತ್ತದೆ.

ನಾನು ನೋಡಿದ ಮಟ್ಟಿಗೆ, ಚೀಲದ ಮೇಲಿಂದ ಹೊಡೆದಾಗ ಚೆನ್ನಾಗಿರುವ ಹಳೇದಕ್ಕೂ ಚೆನ್ನಾಗಿರುವ ಹೊಸದಕ್ಕೂ ಇರುವ ಅಂತರ, ಎರಡು ಬ್ರ್ಯಾಂಡ್ ಕಾಡತೂಸಿನ ನಡುವಿನ ಅಂತರಕ್ಕಿಂತ ಚಿಕ್ಕದು.

ಎದ್ದು ನಿಂತು, ಒಂದೇ ಕೈಯಲ್ಲಿ

ಹಾಗಾದರೆ ವ್ಯತ್ಯಾಸ ಎಲ್ಲಿ? ಕೈಗೆ ತೆಗೆದುಕೊಂಡಾಗ. ಕೆ-38ನ್ನು ಮಾಡಿದ್ದೇ ಕಾಗದದ ಗುರಿಗೆ ಹೊಡೆಯುವ ಬುಲ್ಸ್‌ಐ ಸ್ಪರ್ಧೆಗೆ. ಒಂದೇ ಕೈ. 50 ಗಜದಲ್ಲಿ ಹತ್ತು ನಿಮಿಷಕ್ಕೆ ಹತ್ತು ಗುಂಡು. 25 ಗಜದಲ್ಲಿ 20 ಸೆಕೆಂಡಿಗೆ ಐದು, ಆಮೇಲೆ 10 ಸೆಕೆಂಡಿಗೆ ಐದು. ಆ ಹತ್ತು ಸೆಕೆಂಡಿನಲ್ಲಿ ಪ್ರತಿ ಗುಂಡಿಗೂ ಹೆಬ್ಬೆರಳಲ್ಲಿ ಹ್ಯಾಮರ್ ಎಳೆಯಬೇಕಿತ್ತು. ಅದಕ್ಕೇ ಯುದ್ಧದ ನಂತರದ ಮಾಸ್ಟರ್‌ಪೀಸ್‌ಗಳಲ್ಲಿ ಹ್ಯಾಮರಿನ ಓಟ ಕಡಿಮೆ ಮಾಡಿದರು. ಈ ಮೂರೂ ಭಾಗವನ್ನು ಎರಡೂ ರಿವಾಲ್ವರಿನಲ್ಲಿ, ಬೇರೆ ಬೇರೆ ದಿನ, ಕನಿಷ್ಠ ಮೂರು ಸಲ ಮಾಡಿ.

ಸೈಟ್‌ಗಳ ಬಗ್ಗೆ ಒಂದು ಲೆಕ್ಕ. ರಿಯರ್ ಸೈಟಿಗೂ ಫ್ರಂಟ್ ಸೈಟಿಗೂ ನಡುವೆ 190 ಮಿ.ಮೀ. ಇದೆ ಅಂದುಕೊಳ್ಳಿ. ಫ್ರಂಟ್ ಸೈಟ್ 0.1 ಮಿ.ಮೀ. ಪಕ್ಕಕ್ಕೆ ಜರುಗಿದರೆ 25 ಮೀಟರಿನಲ್ಲಿ ಗುಂಡು 13 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಅಂತರರಾಷ್ಟ್ರೀಯ 25 ಮೀಟರ್ ಗುರಿಯ ಹತ್ತರ ವೃತ್ತ 50 ಮಿ.ಮೀ. ಅಗಲ. ಅಂದರೆ ಕೂದಲೆಳೆಯಷ್ಟು ಜರುಗಿದರೂ ನಡುವಿನಿಂದ ಅಂಚಿನ ಕಡೆಗೆ ಅರ್ಧ ದಾರಿ ಹೋದ ಹಾಗೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಜಸ್ಪಾಲ್ ರಾಣಾ ಸೆಂಟರ್ ಫೈರ್ ಪಿಸ್ತೂಲಿನಲ್ಲಿ 600ಕ್ಕೆ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದರು. 60 ಗುಂಡಿನಲ್ಲಿ ಕಳೆದುಕೊಂಡಿದ್ದು ಹತ್ತೇ ಅಂಕ. ಈ ಲೆಕ್ಕ ಮಾಡಿ ನೋಡಿದ ಮೇಲೆ ಆ 590 ನನಗೆ ಬೇರೆಯೇ ಆಗಿ ಕಾಣುತ್ತದೆ.

ಹೊಸದರ ಮೇಲೆ ರೆಡ್ ಡಾಟ್ (ಗುರಿ ಹಿಡಿಯಲು ಕೆಂಪು ಚುಕ್ಕೆ ತೋರಿಸುವ ಗಾಜು) ಕೂರಿಸಿದ್ದರೆ ಹೋಲಿಕೆಯ ದಿನ ತೆಗೆದಿಡಿ. ಎರಡರಲ್ಲೂ ಕಬ್ಬಿಣದ ಸೈಟೇ ಇರಲಿ.

ಡಬಲ್ ಆಕ್ಷನ್

ಕೊನೆಗೆ ಹ್ಯಾಮರ್ ಮುಟ್ಟದೆ, ಟ್ರಿಗರನ್ನೇ ಪೂರ್ತಿ ಎಳೆದು ಹೊಡೆಯುವುದು. ಇಲ್ಲಿ ಎಳೆತದ ಭಾರ ನಾಲ್ಕೈದು ಕೆ.ಜಿ. ಇರುತ್ತದೆ. ರಿವಾಲ್ವರಿನ ತೂಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಆರು ಇಂಚಿನ 686 ಸುಮಾರು ಒಂದೂಕಾಲು ಕೆ.ಜಿ., ನಳಿಗೆಯ ಕೆಳಗೆ ಉದ್ದಕ್ಕೂ ಉಕ್ಕು ತುಂಬಿದೆ. ಬೆರಳು ಎಳೆಯುವಾಗ ಮೂತಿ ಅಲ್ಲಾಡದೆ ನಿಲ್ಲುತ್ತದೆ. ಕೆ-38 ಹಗುರ. ನನ್ನ ಕೈಯಲ್ಲಿ ಈ ಸುತ್ತು ಯಾವಾಗಲೂ 686ರದ್ದೇ. ನಿಧಾನದ ಸಿಂಗಲ್ ಆಕ್ಷನ್ ಸುತ್ತು ಕೆ-38ರದ್ದು.

ಹಗುರ ಅಂದರೆ ಆಗುವುದೇ ಇಲ್ಲ ಅಂತ ಅಲ್ಲ. 1932ರ ಆಗಸ್ಟ್‌ನಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಶೂಟರ್ ಎಡ್ ಮೆಕ್‌ಗಿವರ್ನ್ ಐದು ಗುಂಡನ್ನು 0.45 ಸೆಕೆಂಡಿನಲ್ಲಿ, ಒಂದು ಅರ್ಧ ಡಾಲರ್ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಹೊಡೆದಿದ್ದರು. ದೂರ ಬರೀ 15 ಅಡಿ. 1999ರಲ್ಲಿ ಜೆರ್ರಿ ಮಿಕುಲೆಕ್ ಆರು ಹೊಡೆದು, ಮತ್ತೆ ತುಂಬಿ, ಇನ್ನಾರು ಹೊಡೆಯಲು ತೆಗೆದುಕೊಂಡಿದ್ದು 2.99 ಸೆಕೆಂಡು. ನೀವು ಗಡಿಯಾರದ ಜೊತೆ ಓಡಬೇಡಿ. 25 ಗಜದಲ್ಲಿ 12 ಸೆಕೆಂಡಿಗೆ ಆರು ಗುಂಡು ಸಾಕು. ಎರಡೂ ರಿವಾಲ್ವರಿಗೆ ಸಮಯ ಒಂದೇ ಇರಬೇಕು, ಅಷ್ಟೇ.

ಎಲ್ಲ ಮುಗಿದ ಮೇಲೆ ಚಾಕ್ ಗುರುತು ಒರೆಸಿ, ಚೇಂಬರ್ ತಿಕ್ಕಿ. 686 ಸ್ಟೇನ್‌ಲೆಸ್ ಸ್ಟೀಲು, ಸ್ವಲ್ಪ ತಡೆದುಕೊಳ್ಳುತ್ತದೆ. ನೀಲಿ ಬಣ್ಣದ ಹಳೆ ಉಕ್ಕಿಗೆ ಬೆವರಿನ ಬೆರಳಚ್ಚೇ ತುಕ್ಕು ಹಿಡಿಸುತ್ತದೆ. ಅದೇ ಸಂಜೆ ತೆಳುವಾಗಿ ಎಣ್ಣೆ ಸವರಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿ, ಕಾಡತೂಸು ಬೇರೆ ಪೆಟ್ಟಿಗೆಯಲ್ಲಿ.