ಹೊಸಬರಿಗೆ ಯಾವ ಕ್ಲಾಸ್ ಕೊಡಬೇಕು? ನನ್ನ ಅನುಭವ

ಬಳ್ಳಾರಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸುತ್ತೇನೆ: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಪಾತ್ರ ಯಾವ ಬಗೆಯದು ಅನ್ನೋದೇ ಕ್ಲಾಸ್. 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮ, ಕಥೆ ನಡೆಸುವ ಡಂಜನ್ ಮಾಸ್ಟರ್ ನಾನೇ. ಹೊಸಬರು ಬಂದಾಗಲೆಲ್ಲ ಒಂದು ಸಲಹೆ ತಪ್ಪದೆ ಬರುತ್ತದೆ: "ಫೈಟರ್ ಕೊಡಿ, ಅದರಲ್ಲೂ ಚಾಂಪಿಯನ್."

ಫೈಟರ್ ಅಂದರೆ ಆಯುಧ ಹಿಡಿದು ಕಾದಾಡೋ ಕ್ಲಾಸ್, ಚಾಂಪಿಯನ್ ಅದರಲ್ಲೊಂದು ಬಗೆ. ಸಲಹೆಗೆ ಕಾರಣ ಇದೆ. ಮೂರನೇ ಲೆವೆಲ್‌ನಲ್ಲಿ ಚಾಂಪಿಯನ್‌ಗೆ ಸಿಗೋದು ಇಷ್ಟೇ: 20 ಮುಖದ ದಾಳದಲ್ಲಿ 20 ಮಾತ್ರ ಅಲ್ಲ, 19 ಬಿದ್ದರೂ ಕ್ರಿಟಿಕಲ್, ಅಂದರೆ ಹೆಚ್ಚು ಜೋರಿನ ಏಟು. 5% ಇದ್ದ ಅವಕಾಶ 10% ಆಗುತ್ತದೆ. ಅದೇ ಫೈಟರ್ ಇನ್ನೊಂದು ಬಗೆ, ಬ್ಯಾಟಲ್ ಮಾಸ್ಟರ್ ಆದರೆ ಮೂರು ಮನೂವರ್ (ಕಾದಾಟದ ವಿಶೇಷ ಪಟ್ಟು), ಅವಕ್ಕೆ ಎಂಟು ಮುಖದ ನಾಲ್ಕು ದಾಳ, ಯಾವುದನ್ನು ಯಾವಾಗ ಖರ್ಚು ಮಾಡಬೇಕು ಅನ್ನೋ ಲೆಕ್ಕ. ವಿಝರ್ಡ್‌ಗಂತೂ ಮೊದಲ ಲೆವೆಲ್‌ನಲ್ಲೇ ಮೂರು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಟ್ಟ ಮಂತ್ರ), ಪುಸ್ತಕದಲ್ಲಿ ಆರು ಮಂತ್ರ. ಅವನ್ನು ಹಾಕೋಕೆ ಸ್ಲಾಟ್ (ದಿನಕ್ಕೆ ಇಷ್ಟೇ ಸಲ ಅನ್ನೋ ಅವಕಾಶ) ಮಾತ್ರ ಎರಡು.

ಆದರೆ ಈ ಕಷ್ಟಗಳೆಲ್ಲ ಒಂದೇ ಜಾತಿಯವಲ್ಲ. ವಿಝರ್ಡ್‌ನ ತಲೆನೋವು ಜಾಸ್ತಿ ಇರೋದು ಆಟಕ್ಕೆ ಮುಂಚೆ, ಮಂತ್ರ ಆರಿಸುವಾಗ. ಬ್ಯಾಟಲ್ ಮಾಸ್ಟರ್‌ನದು ಮೇಜಿನ ಮುಂದೆ, ಏಟು ಬಿದ್ದ ಕ್ಷಣದಲ್ಲಿ: ಈಗ ದಾಳ ಸೇರಿಸಿ ಶತ್ರುವನ್ನು ಕೆಡವಲಾ, ಇಟ್ಟುಕೊಳ್ಳಲಾ? ಉಳಿದವರೆಲ್ಲ ಮುಖ ನೋಡುತ್ತಾ ಕೂತಿರುತ್ತಾರೆ. ನನ್ನ ಪ್ರಕಾರ ಹೊಸಬರಿಗೆ ಭಾರ ಆಗೋದು ಎರಡನೆಯದೇ.

ನಮ್ಮಲ್ಲಿ ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್ ಒಬ್ಬರು ಆಡುತ್ತಾರೆ. ಚಾಂಪಿಯನ್ ಅವರಿಗೆ ಸಪ್ಪೆ ಅನ್ನಿಸಿತು. "ಏನ್ರೀ ಇದು, ಬರೇ ಹೊಡೀತೀನಿ ಅನ್ನೋದೇ ಆಯ್ತಲ್ಲ" ಅಂದರು. ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಎಲ್ಲ ಲೆಕ್ಕ ಹಾಕೋ ಮನುಷ್ಯ ಅವರು. ವಿಝರ್ಡ್ ಕೊಟ್ಟೆ. ಪಾತ್ರದ ಬುದ್ಧಿ ಅಂಕ 16 ಇದ್ದರೆ ಮೊದಲ ಲೆವೆಲ್‌ನಲ್ಲಿ ದಿನಕ್ಕೆ ನಾಲ್ಕು ಮಂತ್ರ ಸಿದ್ಧ ಮಾಡಿಕೊಳ್ಳಬಹುದು. ಆರಕ್ಕೆ ಆರನ್ನೂ ಕನ್ನಡದಲ್ಲಿ ಚೀಟಿ ಬರೆದೆ. ಆಟದ ದಿನ ನಾಲ್ಕು ಮಾತ್ರ ಕೈಯಲ್ಲಿ. ಎರಡು ಸ್ಲಾಟ್‌ಗೆ ಒಂದೊಂದರಂತೆ ಎರಡು ನಾಣ್ಯ. ಮಂತ್ರ ಹಾಕಿದರೆ ನಾಣ್ಯ ನನಗೆ. ನಿಯಮ ವಿವರಿಸೋ ಕೆಲಸವೇ ಉಳಿಯಲಿಲ್ಲ. ಯಾವ ನಾಲ್ಕು ಅಂತ ಶನಿವಾರವೇ ತೀರ್ಮಾನ ಮಾಡಿಕೊಂಡು ಬರುತ್ತಾರೆ, ಅವರ ಸರದಿ ಎಲ್ಲರಿಗಿಂತ ಬೇಗ ಮುಗಿಯುತ್ತದೆ.

ಚಾಂಪಿಯನ್ ಹೋಗಿದ್ದು ಬ್ಯಾಂಕಿನಲ್ಲಿ ಕೆಲಸ ಮಾಡೋ ಗೆಳತಿಗೆ. ಅವಳಿಗೆ ಪುಸ್ತಕ ತಿರುವೋದು ಬೇಡ, ಮಾತಾಡಬೇಕು. ಆಟದಲ್ಲಿ ಶತ್ರುವಾಗಿ ಬರೋ ಕುಳ್ಳ ರಾಕ್ಷಸ ಗಾಬ್ಲಿನ್ ಜೊತೆಗೂ ಚೌಕಾಸಿ ಮಾಡುತ್ತಾಳೆ. ಪಾತ್ರದ ವಿವರ ಬರೆಯೋ ಹಾಳೆಯಲ್ಲಿ ಏನೂ ಇಲ್ಲದಿದ್ದರೆ ಇಂಥವರು ಸುಮ್ನೆ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಅದೇ ನನಗೂ ಬೇಕಾಗಿದ್ದು. ಆದರೆ ಹಾಳೆ ಪೂರ್ತಿ ಖಾಲಿ ಬಿಡಲಿಲ್ಲ. ತಳ್ಳು, ಹಿಡಿದುಕೋ, ಅಡಗು, ಸಹಾಯ ಮಾಡು ಅಂತ ಕೆಳಗೆ ದಪ್ಪಕ್ಷರದಲ್ಲಿ ಬರೆದೆ. ಇವು ಯಾವ ಕ್ಲಾಸ್‌ನವರಾದರೂ ಮಾಡಬಹುದಾದ ಕೆಲಸಗಳು. ಕ್ಲಾಸ್ ಪುಟದಲ್ಲಿ ಇರಲ್ಲ, ಹಾಗಾಗಿ ಯಾರಿಗೂ ಹೊಳೆಯಲ್ಲ. ನಮ್ಮ ಬಳ್ಳಾರಿ ಗುಡ್ಡದ ಥರದ ಕೋಟೆಯೊಂದರ ಮೇಲೆ ಕಾದಾಟ ಇಟ್ಟಿದ್ದೆ. ಅವಳು ಕತ್ತಿ ಬೀಸದೆ ಗಾಬ್ಲಿನ್ನನ್ನು ತಳ್ಳಿದಳು. ಅವಳ ಅಥ್ಲೆಟಿಕ್ಸ್ (ಮೈಬಲದ ಕೌಶಲ) ದಾಳ ಗೆದ್ದಿತು. ಐದು ಅಡಿ ಹಿಂದಕ್ಕೆ, ಗೋಡೆ ಮುಗಿದಿತ್ತು. ಮಿರ್ಚಿ ತಟ್ಟೆ ಉರುಳುವಷ್ಟು ಗಲಾಟೆ.

ಎಲ್ಲ ಕ್ಲಾಸ್‌ಗೂ ಒಂದೇ ಚೌಕಟ್ಟು ಹಾಕಿದರೆ ಸರಿಹೋಗುತ್ತದೆ ಅನ್ನೋರಿದ್ದಾರೆ. 2008ರ ನಾಲ್ಕನೇ ಆವೃತ್ತಿ ಹೆಚ್ಚುಕಮ್ಮಿ ಅದನ್ನೇ ಮಾಡಿತ್ತು. 2010ರಲ್ಲಿ ಅದೇ ಆವೃತ್ತಿಯ ಎಸೆನ್ಷಿಯಲ್ಸ್ ಪುಸ್ತಕಗಳ ಮೂಲಕ ಸರಳ ಫೈಟರ್ ವಾಪಸ್ ಬಂದ. ಬರಲೇಬೇಕಿತ್ತು ಬಿಡಿ. ನಮ್ಮ ಮೇಜಿನ ಈ ಇಬ್ಬರನ್ನು ಒಂದೇ ಅಳತೆಗೆ ಹೊಲಿಯೋಕಾಗುತ್ತಾ?

ಚೀಟಿ ಮಾಡಬೇಕೆನ್ನುವವರಿಗೆ ಒಂದು ಅನುಕೂಲ: ಮೂಲ ನಿಯಮಗಳ ದಾಖಲೆ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿದೆ. ಮೂಲ ಹೆಸರಿಸಿ ಕನ್ನಡಕ್ಕೆ ತಂದು ಹಂಚಬಹುದು. ಫೈಟರ್‌ಗೆ ಅದರಲ್ಲಿರೋದು ಚಾಂಪಿಯನ್ ಒಂದೇ, ಬ್ಯಾಟಲ್ ಮಾಸ್ಟರ್ ಇಲ್ಲ. ನಾಣ್ಯದ ಉಪಾಯ ಮಾತ್ರ ಕೆಳಗಿನ ಲೆವೆಲ್‌ಗಳಿಗೇ ಸರಿ. ಐದನೇ ಲೆವೆಲ್‌ಗೆ ವಿಝರ್ಡ್ ಸ್ಲಾಟ್ 4, 3, 2 ಸೇರಿ ಒಂಬತ್ತು ಆಗುತ್ತವೆ. ಆಗ ಹಾಳೆಯ ಮೇಲೆ ಚೌಕ ಬರೆದು ಪೆನ್ಸಿಲ್‌ನಲ್ಲಿ ಗೀಟು ಹಾಕಿಸಿ.