ಮುಯ್ಯಾಳು ಕಟ್ಟಿಕೊಂಡು ಅನಿಮೇಷನ್ ಸಿನಿಮಾ ಮಾಡುವುದು

ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಪಹಣಿ ಜೆರಾಕ್ಸು, ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗು, ಇಷ್ಟರಲ್ಲೇ ಜೀವನ. ಇದರ ನಡುವೆ 2 ವರ್ಷ 8 ತಿಂಗಳು ಒದ್ದಾಡಿ 7 ನಿಮಿಷ 40 ಸೆಕೆಂಡಿನ ಒಂದು ಕಂಪ್ಯೂಟರ್ ಅನಿಮೇಷನ್ ಸಿನಿಮಾ ಮುಗಿಸಿದೆವು. ಆಲೆಮನೆಗೆ ಕರೆಂಟಿನ ಗಾಣ ಬಂದ ಮೇಲೆ ಕೆಲಸ ಕಳಕೊಂಡ ಮುದಿ ಎತ್ತಿನ ಕಥೆ ಅದು. ಬಂದು ಸೇರಿದವರು 14 ಜನ, ಕೊನೆವರೆಗೆ ಉಳಿದವರು 5. ಯಾರಿಗೂ ಸಂಬಳ ಇರಲಿಲ್ಲ.

"ಹೆಂಗಕ್ಕಾ ಮಾಡುದ್ರಿ?" ಅಂತ ಕೇಳಿಕೊಂಡು ಬರುವ ಹುಡುಗರಿಗೆ ಇಷ್ಟು ದಿನ ಕೌಂಟರಿನಲ್ಲಿ ನಿಂತೇ ಹೇಳುತ್ತಿದ್ದೆ. ಮಿಷನ್ ಸದ್ದಿನಲ್ಲಿ ಅರ್ಧ ಅವರಿಗೆ ಕೇಳಿಸುವುದಿಲ್ಲ, ಉಳಿದರ್ಧ ನನಗೆ ಮರೆತುಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮಪ್ಪ ನಾಟಿಗೆ ಮುಯ್ಯಾಳು ಕರೆಯುತ್ತಿದ್ದರು. ಇವತ್ತು ಅವರು ನಮ್ಮ ಗದ್ದೆಗೆ, ನಾಳಿದ್ದು ನಾವು ಅವರ ಗದ್ದೆಗೆ. ದುಡ್ಡಿನ ಮಾತಿಲ್ಲ, ಹಾಗಂತ ಪುಕ್ಕಟೆಯೂ ಅಲ್ಲ. ಮುಯ್ಯಿ ತೀರಿಸದೆ ಉಳಿಸಿಕೊಂಡವನ ಗದ್ದೆಗೆ ಮುಂದಿನ ವರ್ಷ ಒಬ್ಬರೂ ಇಳಿಯುತ್ತಿರಲಿಲ್ಲ. 'ಸ್ವಯಂಸೇವಕರು ಬೇಕಾಗಿದ್ದಾರೆ' ಅಂತ ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿದಾಗ ನನಗೆ ಇದು ನೆನಪಿರಲಿಲ್ಲ. ಮೂರನೇ ವಾರಕ್ಕೆ ನಾಲ್ಕು ಜನ ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ ನೆನಪಾಯಿತು. ನಾನು ಮಾಡಿಸಿಕೊಳ್ಳುತ್ತಿದ್ದದ್ದು ಬಿಟ್ಟಿ ಚಾಕರಿ.

ಅವತ್ತೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದು ನಡುವೆ ಗೆರೆ ಎಳೆದೆ. ಎಡಗಡೆ ಅವರು ಮಾಡಿಕೊಟ್ಟ ಕೆಲಸ, ಬಲಗಡೆ ನಾನು ತೀರಿಸಬೇಕಾದ ಮುಯ್ಯಿ. ಏನು ಬೇಕು ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಮದ್ದೂರಿನ ಹುಡುಗನಿಗೆ ಕೆಲಸಕ್ಕೆ ಅರ್ಜಿ ಹಾಕಲು ಒಂದು ನಿಮಿಷದ ಶೋರೀಲ್, ಅಂದರೆ ತಾನು ಮಾಡಿದ ಕೆಲಸದ ತುಣುಕು ಜೋಡಿಸಿದ ವಿಡಿಯೋ ಬೇಕಿತ್ತು. ಅವನಿಗೆ ಎತ್ತು ಓಡುವ ಶಾಟ್ ಕೊಟ್ಟೆ, ಆಲೆಮನೆ ಗೋಡೆ ಮಾಡುವ ಕೆಲಸ ಕೊಡಲಿಲ್ಲ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಿದ್ದ ಹುಡುಗಿಗೆ ಕಂಪ್ಯೂಟರ್ ಕಲಿಯಬೇಕಿತ್ತು. ಶ್ರೀರಂಗಪಟ್ಟಣದಿಂದ ಬರುತ್ತಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಭಾನುವಾರ ಮನೆಯಿಂದ ಆಚೆ ಇರುವುದಕ್ಕೆ ಒಂದು ನೆಪ ಸಾಕಿತ್ತು, ಅದನ್ನೂ ಬಲಗಡೆ ಬರೆದುಕೊಂಡೆ. ಒಬ್ಬನಿಗೆ ಮಾತ್ರ ಬೇಕಾದ್ದೇನು ಅಂತ ಕೊನೆಗೂ ಗೊತ್ತಾಗಲಿಲ್ಲ. ಎಲ್ಲರಿಗಿಂತ ಮೊದಲು ಬಿಟ್ಟುಹೋದವನು ಅವನೇ.

ಜನ ಕರೆಯುವ ಮೊದಲು

ಕಥೆ ಇಟ್ಟುಕೊಂಡು ಕರೆಯಬೇಡಿ. ಕಥೆ ಎಲ್ಲರ ಹತ್ತಿರವೂ ಇರುತ್ತದೆ. ಅನಿಮ್ಯಾಟಿಕ್ ಇಟ್ಟುಕೊಂಡು ಕರೆಯಿರಿ. ಅಂದರೆ ಪ್ರತಿ ಶಾಟಿಗೂ ಒಂದೊಂದು ಕೈಚಿತ್ರ, ಅದು ಎಷ್ಟು ಸೆಕೆಂಡು ನಿಲ್ಲಬೇಕೋ ಅಷ್ಟು ನಿಲ್ಲಿಸಿ, ಮಾತು ಸದ್ದು ಸೇರಿಸಿ ಒಂದು ವಿಡಿಯೋ. ನನಗೆ ಚಿತ್ರ ಬರೆಯಲು ಬಾರದು. ನನ್ನ ಎತ್ತು ಬೆಂಕಿಪೊಟ್ಟಣಕ್ಕೆ ಕೊಂಬು ಅಂಟಿಸಿದ ಹಾಗಿತ್ತು. ಅದನ್ನೇ ಮೊಬೈಲಿನಲ್ಲಿ ಫೋಟೋ ಹೊಡೆದು ಜೋಡಿಸಿದೆ, ಎಲ್ಲ ಪಾತ್ರಕ್ಕೂ ನಾನೇ ಮಾತಾಡಿದೆ. 19 ನಿಮಿಷ ಬಂತು. ನಮ್ಮತ್ತೆ ಆರನೇ ನಿಮಿಷಕ್ಕೆ ಎದ್ದು ಅವರೆಕಾಯಿ ಸುಲಿಯಲು ಹೋದರು. ಕತ್ತರಿಸಿ ಕತ್ತರಿಸಿ 7 ನಿಮಿಷ 40 ಸೆಕೆಂಡಿಗೆ ಇಳಿಸಿದ ಮೇಲೆ ಕೂತು ಪೂರ್ತಿ ನೋಡಿ, "ಎತ್ತು ಕೊನೇಲಿ ಎಲ್ಲಿಗ್ ಹೋಯ್ತು?" ಅಂದರು. ಆಗ ಜನ ಕರೆದೆ.

ಈ ಕತ್ತರಿ ಪ್ರಯೋಗ ಯಾಕೆ ಮುಖ್ಯ ಅಂದರೆ, ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. 460 ಸೆಕೆಂಡಿಗೆ 11,040 ಫ್ರೇಮ್. ನಮ್ಮಲ್ಲಿ ಕಾಲೇಜು ಮುಗಿಸಿ ಸಂಜೆ ಕೂರುವ ಹುಡುಗ ವಾರಕ್ಕೆ ಎರಡು ಮೂರು ಸೆಕೆಂಡಿನ ಒಳ್ಳೆಯ ಚಲನೆ ತೆಗೆದರೆ ಅದೇ ಹೆಚ್ಚು. 19 ನಿಮಿಷವನ್ನೇ ಹಿಡಿದು ಕೂತಿದ್ದರೆ ಇವತ್ತಿಗೂ ಮುಗಿಯುತ್ತಿರಲಿಲ್ಲ. ಲಾಟ್ವಿಯಾದಲ್ಲಿ ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಬಳಸಿ ಮಾಡಿದ ಪೂರ್ಣಪ್ರಮಾಣದ ಚಿತ್ರವೊಂದಕ್ಕೆ 2025ರಲ್ಲಿ ಆಸ್ಕರ್ ಬಂತಲ್ಲ, ಆ ಸುದ್ದಿ ಓದಿ ಬಂದವರೆಲ್ಲ "ನಾವೂ ಒಂದೂವರೆ ಗಂಟೆದು ಮಾಡೋಣ" ಅನ್ನುತ್ತಾರೆ. ಅವರಿಗೆ ಟೀ ಕೊಡಿಸಿ ಈ ಲೆಕ್ಕ ತೋರಿಸಿ.

ಸಾಫ್ಟ್‌ವೇರ್ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಎಲ್ಲರ ಕಂಪ್ಯೂಟರಿಗೂ ಕಾಸಿಲ್ಲದೆ ಹಾಕಿಕೊಳ್ಳಬಹುದಾದದ್ದು ಬ್ಲೆಂಡರ್. ಅದೂ ಜನ ಸೇರಿ ಉಳಿಸಿಕೊಂಡ ಸೊತ್ತೇ. 2002ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ಮುಚ್ಚಿದಾಗ, ಅದನ್ನು ಹುಟ್ಟುಹಾಕಿದ ಟಾನ್ ರೂಸೆಂಡಾಲ್ ಬಳಕೆದಾರರ ಹತ್ತಿರ ಚಂದಾ ಎತ್ತಿದರು. 7 ವಾರದಲ್ಲಿ 1 ಲಕ್ಷ ಯೂರೋ ಕೂಡಿ, ಸಾಫ್ಟ್‌ವೇರ್ ಎಲ್ಲರದೂ ಆಯಿತು. ಆದರೆ ಎಲ್ಲರ ಹತ್ತಿರವೂ ಒಂದೇ ವರ್ಷನ್ ಇರಲಿ. ಎರಡು ವರ್ಷ ದುರಸ್ತಿ ಸಿಗುವ ಎಲ್‌ಟಿಎಸ್ ವರ್ಷನ್ ಹಿಡಿಯಿರಿ, ಸಿನಿಮಾ ಮುಗಿಯುವವರೆಗೆ ಹೊಸತಕ್ಕೆ ಹಾರಬೇಡಿ. ನಮ್ಮಲ್ಲೊಬ್ಬ ಹಾರಿದ. ಅವನು ಸೇವ್ ಮಾಡಿದ ಫೈಲು ನಮ್ಮ ಹಳೇ ವರ್ಷನ್ನಿನಲ್ಲಿ ತೆರೆದಾಗ ಎತ್ತಿನ ಬಾಲದ ರಿಗ್, ಅಂದರೆ ಬಾಲ ಆಡಿಸುವ ಒಳಗಿನ ಮೂಳೆಕಟ್ಟು, ಮಾಯ.

ಎತ್ತು ಕಳೆದುಹೋದದ್ದು

ಬಾಲ ಹೋದದ್ದಿರಲಿ, ಒಂದು ಸಲ ಇಡೀ ಎತ್ತೇ ಹೋಯಿತು. ಎತ್ತಿನ ಮಾಡೆಲ್ ಮಾಡಿದ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಖುಷಿಯಾಗಿ ಕಳಿಸಿಕೊಟ್ಟೆವು. ತಿಂಗಳ ಮೇಲೆ ಫೈಲ್ ಕೇಳಿದರೆ, "ಅಕ್ಕ, ಆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ತಮ್ಮನಿಗೆ ಕೊಟ್ಟೆ." ಹತ್ತು ವಾರದ ಕೆಲಸ. ಅವನ ತಪ್ಪು ಅಂತ ನಾನು ಹೇಳಲಾರೆ. ಒಂದು ಪ್ರತಿ ನನ್ನ ಹತ್ತಿರ ಇಟ್ಟುಕೊಳ್ಳಬೇಕಾದವಳು ನಾನು.

ಸಂಬಳ ಇಲ್ಲದ ಕೆಲಸದಲ್ಲಿ ಜನ ಬಿಟ್ಟುಹೋಗಿಯೇ ಹೋಗುತ್ತಾರೆ. ಪರೀಕ್ಷೆ, ಮದುವೆ, ಕೆಲಸ, ಬೇಜಾರು, ಏನೋ ಒಂದು. ಹೋಗುತ್ತಾರೆ ಅಂತ ಲೆಕ್ಕ ಹಿಡಿದೇ ಕೆಲಸ ಹಂಚಿ. ಯಾವ ತುಂಡೂ ಎರಡು ವಾರಕ್ಕಿಂತ ದೊಡ್ಡದಿರಬಾರದು, ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುವಂತಿರಬೇಕು. ನಮ್ಮ 83 ಶಾಟಿಗೂ ಒಂದೊಂದು ಬೇರೆ ಫೈಲು. ಎತ್ತು, ಗಾಣ, ಕೊಪ್ಪರಿಗೆ, ಬೆಲ್ಲದ ಅಚ್ಚು ಇವೆಲ್ಲ ತಮ್ಮ ತಮ್ಮ ಮೂಲ ಫೈಲಿನಲ್ಲಿ. ಶಾಟಿನೊಳಕ್ಕೆ ಅವುಗಳನ್ನು 'ಲಿಂಕ್' ಮಾಡಿ, 'ಅಪೆಂಡ್' ಮಾಡಬೇಡಿ. ಅಪೆಂಡ್ ಮಾಡಿದರೆ ಪ್ರತಿ ಶಾಟಿಗೂ ಒಂದೊಂದು ಎತ್ತಿನ ನಕಲು. ಕೊಂಬು ತಿದ್ದಬೇಕಾದರೆ 83 ಕಡೆ ತಿದ್ದಬೇಕು. ಲಿಂಕ್ ಮಾಡಿದ್ದರೆ ಮೂಲದಲ್ಲಿ ಒಂದು ಸಲ ತಿದ್ದಿದರೆ ಮುಗಿಯಿತು. ಲಿಂಕ್ ಆದ ಎತ್ತನ್ನು ಕುಣಿಸಲು 'ಲೈಬ್ರರಿ ಓವರ್‌ರೈಡ್' ಬೇಕು, ಅಂದರೆ ಮೂಲ ಫೈಲ್ ಮುಟ್ಟದೆ ಆ ಶಾಟಿನಲ್ಲಿ ಮಾತ್ರ ಬದಲಾಯಿಸಿಕೊಳ್ಳುವ ಸೌಲಭ್ಯ. ಅದನ್ನು ಎಲ್ಲರಿಗೂ ಮೊದಲ ದಿನವೇ ಕಲಿಸಿ.

ಫೈಲಿನ ದಾರಿ ಯಾವಾಗಲೂ 'ರಿಲೇಟಿವ್' ಇರಲಿ, ಅಂದರೆ ತೆರೆದ ಫೈಲು ಇರುವ ಜಾಗದಿಂದ ಲೆಕ್ಕ ಹಿಡಿದದ್ದು. ಒಬ್ಬನ ಕಂಪ್ಯೂಟರಿನ ಡಿ ಡ್ರೈವ್ ಇನ್ನೊಬ್ಬನ ಹತ್ತಿರ ಇರುವುದಿಲ್ಲ. ಎತ್ತಿನ ಮೈಗೆ ಹೊದಿಸಿದ ಚರ್ಮದ ಚಿತ್ರ ಸಿಗದಿದ್ದರೆ ಬ್ಲೆಂಡರ್ ಅಲ್ಲಿ ಗಾಢ ಗುಲಾಬಿ ಬಣ್ಣ ತೋರಿಸುತ್ತದೆ. ಮೊದಲ ಎರಡು ತಿಂಗಳು ನಮ್ಮದು ಗುಲಾಬಿ ಎತ್ತು. ಶಾಟ್ ನಂಬರು 10, 20, 30 ಅಂತ ಹತ್ತು ಹತ್ತು ಬಿಟ್ಟು ಕೊಡಿ, ನಡುವೆ ಹೊಸದು ತುರುಕಲು ಜಾಗ ಇರುತ್ತದೆ. 'ಫೈನಲ್', 'ಫೈನಲ್ ನಿಜವಾಗ್ಲೂ' ಅಂತ ಹೆಸರಿಟ್ಟವರಿಗೆ ನಮ್ಮಲ್ಲಿ ಮದ್ದೂರು ವಡೆ ದಂಡ ಇತ್ತು.

ಒಂದು ಶಾಟ್ ಒಂದು ಸಲಕ್ಕೆ ಒಬ್ಬರ ಕೈಯಲ್ಲಿ ಮಾತ್ರ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಅಂಗಡಿ ಗೋಡೆಗೆ 83 ಚೌಕದ ಚಾರ್ಟ್ ಅಂಟಿಸಿ, ಬಳೆ ಅಂಗಡಿಯಿಂದ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತಂದೆವು. ಕೆಂಪು ಬೊಟ್ಟು ಇದ್ದರೆ ಯಾರೋ ತೆಗೆದುಕೊಂಡಿದ್ದಾರೆ ಅಂತ ಅರ್ಥ, ಹಸಿರು ಇದ್ದರೆ ನೋಡಲು ತಯಾರು, ಕಪ್ಪು ಅಂದರೆ ಮುಗಿಯಿತು. ಜೆರಾಕ್ಸಿಗೆ ಬಂದವರೂ "ಇವತ್ತು ಮೂರು ಕಪ್ಪು ಜಾಸ್ತಿ ಆಗವೆ" ಅನ್ನುವಷ್ಟು ಅದು ಅಭ್ಯಾಸವಾಯಿತು. ಭಾನುವಾರ ಸಂಜೆ ಎಲ್ಲರ ಪೆನ್‌ಡ್ರೈವ್ ಖಾಲಿ ಮಾಡಿಸಿಕೊಂಡು ಎರಡು ಹಾರ್ಡ್‌ಡಿಸ್ಕಿಗೆ ಇಳಿಸುತ್ತಿದ್ದೆ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ.

ಕಂಪ್ಯೂಟರ್ ಮುಟ್ಟದವರು

ನಮ್ಮ ತಂಡದಲ್ಲಿ ಎಲ್ಲರಿಗಿಂತ ಉಪಯೋಗಕ್ಕೆ ಬಂದವರು ಕಂಪ್ಯೂಟರ್ ಮುಟ್ಟದ ಒಬ್ಬರು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಯಜಮಾನರು, ವಯಸ್ಸು ಅರವತ್ತು ದಾಟಿದೆ. ಕಳೆದುಹೋದ ಎತ್ತನ್ನು ಎರಡನೇ ಸಲ ಮಾಡಿದಾಗ ಅವರನ್ನು ಕರೆದು ತೋರಿಸಿದೆ. "ಇದು ಯಾವೂರ್ ಎತ್ತವ್ವಾ?" ಅಂದರು. ಹುಡುಗರು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾವುದೋ ಪರದೇಶಿ ಗೂಳಿ ನೋಡಿ ಕೊಂಬನ್ನು ಅಕ್ಕಪಕ್ಕಕ್ಕೆ ಚಾಚಿದ್ದರು. ಹಳ್ಳಿಕಾರ್ ಎತ್ತಿನ ಕೊಂಬು ಹಣೆಯಿಂದ ಹಿಂದಕ್ಕೆ ಬಾಗಿ ಮೇಲಕ್ಕೆ ಏಳುತ್ತದೆ. ಆಮೇಲೆ ನಡಿಗೆ ನೋಡಿ, "ಕಾಲು ತಪ್ಪಾಕ್ತದೆ" ಅಂದರು. ಯಾವ ಕಾಲು ಅಂತ ಹೇಳಲು ಅವರಿಗೆ ಬರಲಿಲ್ಲ. ಎದ್ದು ಅಂಗಡಿಯಲ್ಲೇ ಕೈ ನೆಲಕ್ಕೂರಿ ನಡೆದು ತೋರಿಸಿದರು. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಆ ವಿಡಿಯೋ ಇವತ್ತಿಗೂ ನನ್ನ ಫೋನಿನಲ್ಲಿದೆ.

ಮೊಬೈಲಿನಲ್ಲಿ ಹೀಗೆ ಚಲನೆ ತೆಗೆಯುವಾಗ ಒಂದು ಎಚ್ಚರ. ಬಹಳ ಫೋನುಗಳು ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತವೆ, ನಿಮ್ಮ ಸಿನಿಮಾ 24. ಫ್ರೇಮಿಗೆ ಫ್ರೇಮ್ ಎಣಿಸಿ ನಕಲು ಮಾಡಿದರೆ ಎತ್ತು ನಿಧಾನವಾಗುತ್ತದೆ. ಮುದಿ ಎತ್ತಾದ್ದರಿಂದ ನಮಗೆ ಸ್ವಲ್ಪ ಕಾಲ ಗೊತ್ತೇ ಆಗಲಿಲ್ಲ.

ಹೊಸಬರು ಬಂದರೆ ಒಂದು ಕೊಪ್ಪರಿಗೆ ಮಾಡಿಕೊಡಲು ಹೇಳುತ್ತಿದ್ದೆ. ಕೈಚಳಕ ಅಳೆಯುವುದಕ್ಕಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರಾ ನೋಡುವುದಕ್ಕೆ. "ಈ ವಾರ ಆಗಲ್ಲ ಅಕ್ಕ" ಅಂದವರು ಉಳಿದರು. "ಆಯ್ತಕ್ಕ, ಆಯ್ತಕ್ಕ" ಅಂದವರಲ್ಲಿ ಒಬ್ಬರೂ ಉಳಿಯಲಿಲ್ಲ.

ತಿದ್ದುವುದು

ಇಲ್ಲೇ ನಾನು ಹೆಚ್ಚು ಎಡವಿದ್ದು. ಮದ್ದೂರಿನ ಹುಡುಗ ಮಾಡಿದ ಶಾಟಿನಲ್ಲಿ ಎತ್ತು ತಲೆ ಎತ್ತುವುದು ನನಗೆ ಹಿಡಿಸಲಿಲ್ಲ. ಹೇಳಿದರೆ ಬೇಜಾರಾದಾನು ಅಂತ ರಾತ್ರಿ ನಾನೇ ಕೂತು ತಿದ್ದಿಟ್ಟೆ. ಭಾನುವಾರ ನೋಡಿದವನು ಏನೂ ಅನ್ನಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ನೀವೇ ಮಾಡ್ಕೊಳೋ ಹಂಗಿದ್ರೆ ನನ್ನ ಯಾಕಕ್ಕ ಕರುದ್ರಿ?" ಅಂದ. ಒಂದೂವರೆ ತಿಂಗಳು ಬರಲಿಲ್ಲ. ಅವರ ಮನೆಗೇ ಹೋಗಿ ಕರೆತರಬೇಕಾಯಿತು.

ಅಲ್ಲಿಂದ ಮುಂದೆ ಮೂರು ಕಟ್ಟು ಹಾಕಿಕೊಂಡೆ. ಅವರವರ ಕೆಲಸ ಅವರೇ ತಿದ್ದಬೇಕು. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ತಪ್ಪು ಹೇಳುವ ಹಾಗಿಲ್ಲ. ಹೇಳುವುದನ್ನು ಫ್ರೇಮ್ ನಂಬರಿಟ್ಟು ಹೇಳಬೇಕು. "ಯಾಕೋ ಸರಿಯಿಲ್ಲ" ಅಂದರೆ ಅವನು ಮನೆಗೆ ಹೋಗಿ ಕೊರಗುತ್ತಾನೆ. "42ನೇ ಫ್ರೇಮಿನಲ್ಲಿ ಗೊರಸು ನೆಲದೊಳಕ್ಕೆ ಹೋಗಿದೆ" ಅಂದರೆ ಹತ್ತು ನಿಮಿಷದಲ್ಲಿ ಸರಿಮಾಡುತ್ತಾನೆ. ಆದರೆ ಕಥೆಗೆ ಸಂಬಂಧಪಟ್ಟ ಕೊನೆಯ ಮಾತು ಒಬ್ಬರದೇ ಇರಲಿ. ಎತ್ತು ಸಾಯಬೇಕೋ ಬೇಡವೋ ಅಂತ ನಾವು ಕೈ ಎತ್ತಿಸಿ ನೋಡಿದೆವು, ನಾಲ್ಕು ಭಾನುವಾರ ಹಾಳಾಯಿತು.

ಮಾತನ್ನು ಅನಿಮೇಷನ್ನಿಗೆ ಮೊದಲೇ ರೆಕಾರ್ಡ್ ಮಾಡಿಕೊಳ್ಳಿ, ತುಟಿ ಸದ್ದನ್ನು ಅನುಸರಿಸಬೇಕು. ನಾವು ರಾತ್ರಿ ಹನ್ನೊಂದರ ಮೇಲೆ, ಶಟರ್ ಎಳೆದು, ಸುತ್ತ ಕಂಬಳಿ ನೇತುಹಾಕಿ ಮಾಡಿದೆವು. ಸಿನಿಮಾ ಹಾಡು ಹಾಕಿಕೊಳ್ಳುವ ಆಸೆ ಬಿಡಿ, ಹಕ್ಕು ನಿಮ್ಮದಲ್ಲ.

ರೆಂಡರಿಂಗ್, ಅಂದರೆ ಕಂಪ್ಯೂಟರ್ ಒಂದೊಂದು ಫ್ರೇಮನ್ನೂ ಪೂರ್ತಿ ಚಿತ್ರವಾಗಿ ತೆಗೆಯುವ ಕೆಲಸ. ಅದರ ಲೆಕ್ಕ ಹೀಗೆ. ನಮ್ಮಲ್ಲಿ ಒಂದು ಫ್ರೇಮಿಗೆ 3 ನಿಮಿಷ ಹಿಡಿಯುತ್ತಿತ್ತು. 11,040 ಫ್ರೇಮಿಗೆ 552 ಗಂಟೆ, ಅಂದರೆ ಒಂದೇ ಕಂಪ್ಯೂಟರಿನಲ್ಲಿ ಹಗಲೂ ರಾತ್ರಿ 23 ದಿನ. ಅಂಗಡಿಯ 4 ಕಂಪ್ಯೂಟರ್ ರಾತ್ರಿ 8 ಗಂಟೆ ಓಡಿದರೆ 18 ರಾತ್ರಿ. ಕರೆಂಟ್ ಕೈಕೊಟ್ಟು 26 ಆಯಿತು. ನೇರವಾಗಿ ವಿಡಿಯೋ ಆಗಿ ರೆಂಡರ್ ಮಾಡಲೇಬೇಡಿ, ನಡುವೆ ಕರೆಂಟ್ ಹೋದರೆ ಎಲ್ಲವೂ ಹೋಯಿತು. ಒಂದೊಂದು ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಆಮೇಲೆ ಜೋಡಿಸಿ. ನಾಲ್ಕೂ ಕಂಪ್ಯೂಟರ್ ಒಂದೇ ಫೋಲ್ಡರಿಗೆ ಬರೆಯುವ ಹಾಗಿಟ್ಟು, 'ಓವರ್‌ರೈಟ್' ಟಿಕ್ ತೆಗೆದು 'ಪ್ಲೇಸ್‌ಹೋಲ್ಡರ್ಸ್' ಟಿಕ್ ಹಾಕಿದರೆ ಒಬ್ಬರು ಹಿಡಿದ ಫ್ರೇಮನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಬೆಳಗ್ಗೆ ಎದ್ದು ಸೊನ್ನೆ ಕೆಬಿ ಇರುವ ಫೈಲುಗಳನ್ನು ಅಳಿಸಿ. ಅವು ಕರೆಂಟ್ ಹೋದಾಗ ಅರ್ಧಕ್ಕೆ ನಿಂತವು, ಅಳಿಸದಿದ್ದರೆ ಕಂಪ್ಯೂಟರ್ ಅವನ್ನು ಮುಗಿದಿದೆ ಅಂತಲೇ ತಿಳಿಯುತ್ತದೆ.

ಕೊನೆಯ ಹೆಸರು ಪಟ್ಟಿ ಬಗ್ಗೆ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರಿಂದ ಸಹಿ ಹಾಕಿಸಿ. ಹೆಸರು ಹೇಗೆ ಬರೆಯಬೇಕು, ತಮ್ಮ ಕೆಲಸವನ್ನು ಬೇರೆ ಕಡೆ ತೋರಿಸಬಹುದಾ, ಬಹುಮಾನದ ದುಡ್ಡು ಬಂದರೆ ಏನು, ಇಷ್ಟು ಸಾಕು. ಬಿಟ್ಟುಹೋದ ಒಂಬತ್ತು ಜನರ ಹೆಸರೂ ಹಾಕಿದೆವು, ಒಂದೇ ಒಂದು ಕೊಪ್ಪರಿಗೆ ಮಾಡಿದವನದೂ. ಇಷ್ಟು ವರ್ಷ ಡಿಟಿಪಿ ಮಾಡಿದ ನಾನು ಅಲ್ಲೇ ಸಿಕ್ಕಿಬಿದ್ದೆ. ಬ್ಲೆಂಡರಿನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಬಿಡಿಯಾಗಿ ನಿಂತವು. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಬರೆದು, ಅಕ್ಷರವನ್ನು ಪಾತ್ ಅಂದರೆ ಬರೀ ಗೆರೆಯ ಆಕಾರ ಮಾಡಿ, ಎಸ್‌ವಿಜಿ ಚಿತ್ರದ ಫೈಲಾಗಿ ಒಳಗೆ ತರಬೇಕು. ಹಾಗೆ ತಂದ ಮೇಲೂ ಆಲೆಮನೆ ಯಜಮಾನರ ಹೆಸರಿನಲ್ಲಿ ಒಂದು ದೀರ್ಘ ತಪ್ಪಿತ್ತು. 120 ಫ್ರೇಮ್ ಮತ್ತೆ ರೆಂಡರ್ ಮಾಡಿದೆ. ನೋಟ್‌ಬುಕ್ಕಿನ ಬಲಗಡೆ ಅವರದು ಇನ್ನೂ ಬಾಕಿ ಇದೆ: ಮೊಮ್ಮಗಳ ನಾಮಕರಣದ ಪತ್ರಿಕೆ, 150 ಪ್ರತಿ, ಮೇಲೆ ಎತ್ತಿನ ಚಿತ್ರ ಇರಬೇಕಂತೆ.