ಪರೀಕ್ಷೆಗೆ ಸ್ಕ್ರೈಬ್ ಬೇಕಾ? ಅರ್ಜಿ ಇವತ್ತೇ ಬರೆಯಿರಿ

ಅವತ್ತು ಅರ್ಥಶಾಸ್ತ್ರದ ಪೇಪರ್. ನಾನಿನ್ನೂ ಪಿಯುಸಿಯಲ್ಲಿದ್ದೆ. ಬಿ.ಎ. ಓದುತ್ತಿದ್ದ, ಕಣ್ಣು ಕಾಣದ ಅಕ್ಕ ಒಬ್ಬರಿಗೆ ಸ್ಕ್ರೈಬ್ ಆಗಿ ಕೂತಿದ್ದೆ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಮೂರು ಗಂಟೆ ಮುಗಿಯಿತು. ಹತ್ತು ಅಂಕದ ಒಂದು ಪ್ರಶ್ನೆ ಇನ್ನೂ ಬಾಕಿ. ಕೊಠಡಿ ಮೇಲ್ವಿಚಾರಕರು ಬಂದು ಉತ್ತರ ಪತ್ರಿಕೆಗೆ ಕೈ ಹಾಕಿದರು. ‘ನನಗೆ ಎಕ್ಸ್‌ಟ್ರಾ ಟೈಮ್ ಇದೆ ಸರ್’ ಅಂದರು ಅಕ್ಕ. ‘ಲೆಟರ್ ಎಲ್ಲಮ್ಮ?’ ಅಂತ ಕೇಳಿದರು ಅವರು. ಲೆಟರ್ ಇರಲಿಲ್ಲ. ಬಾಯಿಮಾತಿನಲ್ಲಿ ಸ್ಕ್ರೈಬ್‌ಗೆ ಒಪ್ಪಿಗೆ ಸಿಕ್ಕಿತ್ತು, ಸಮಯದ ವಿಷಯ ಯಾರೂ ಬರೆದುಕೊಟ್ಟಿರಲಿಲ್ಲ. ಹೊರಗೆ ಬರುವಾಗಲೂ ಅಕ್ಕನ ಬೆರಳು ಬ್ರೈಲ್ ವಾಚಿನ ಮುಳ್ಳಿನ ಮೇಲೇ ಇತ್ತು. ಆ ಉತ್ತರ ಅವರಿಗೆ ಬಾಯಿಪಾಠ ಬರುತ್ತಿತ್ತು.

ಆ ಲೆಟರ್ ಮಾಡಿಸಿಕೊಳ್ಳೋದು ಹೇಗೆ ಅಂತ ಹೇಳುವುದಕ್ಕೇ ಈ ಲೇಖನ. ಇದು ಯಾರೋ ಮಾಡುವ ಉಪಕಾರ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯದ ಮಾತಿದೆ.

ಮೊದಲು ಯುಡಿಐಡಿ ಕಾರ್ಡ್

ಯುಡಿಐಡಿ ಅಂದರೆ ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಗುರುತಿನ ಚೀಟಿ. ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು ಇದ್ದರೆ ಶುರು ಮಾಡಬಹುದು. ಊರಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು ಕಾಣಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂದರೆ ಅವರೇ. ಆಸ್ಪತ್ರೆಯಲ್ಲಿ ತಪಾಸಣೆ ಆದ ಮೇಲೆ ಕಾರ್ಡ್ ಬರುತ್ತದೆ. ಅಂಗವಿಕಲತೆ ಶೇ 40ಕ್ಕಿಂತ ಕಡಿಮೆ ಇದ್ದರೆ ಕಾರ್ಡಿನಲ್ಲಿ ಬಿಳಿ ಪಟ್ಟಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ.

ಬಿಳಿ ಪಟ್ಟಿ ಬಂತು ಅಂತ ಸುಮ್ನೆ ಕೂರಬೇಡಿ. ವಿಕಾಸ್ ಕುಮಾರ್ ಎಂಬ ಯುಪಿಎಸ್‌ಸಿ ಅಭ್ಯರ್ಥಿಗೆ ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇತ್ತು. ಶೇ 40ರ ಲೆಕ್ಕಕ್ಕೆ ಬರಲ್ಲ ಅಂತ ಅವರಿಗೆ ಸ್ಕ್ರೈಬ್ ಕೊಡಲಿಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಮಾರನೇ ವರ್ಷ ಕೇಂದ್ರ ಸರ್ಕಾರ ಇಂಥವರಿಗೂ ಮಾರ್ಗಸೂಚಿ ತಂದಿತು. ಬರೆಯಲು ಕಷ್ಟ ಇದೆ ಅಂತ ಸರ್ಕಾರಿ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು, ಅಷ್ಟೇ.

ಆಮೇಲೆ ಸಮಾನ ಅವಕಾಶ ಕೋಶ

ಅಂಗವಿಕಲ ವಿದ್ಯಾರ್ಥಿಗಳ ಸೌಲಭ್ಯಗಳನ್ನು ನೋಡಿಕೊಳ್ಳುವ ಕೋಶ ಇದು. ವಿಶ್ವವಿದ್ಯಾಲಯಗಳಲ್ಲಿ ಇದನ್ನು ಈಕ್ವಲ್ ಆಪರ್ಚುನಿಟಿ ಸೆಲ್ ಅಂತಲೇ ಕರೆಯುತ್ತಾರೆ. ಕಾಲೇಜಿನಲ್ಲಿ ಬೋರ್ಡ್ ಕಾಣದಿದ್ದರೆ ಪ್ರಿನ್ಸಿಪಾಲರ ಕಚೇರಿಯಲ್ಲಿ ‘ನೋಡಲ್ ಅಧಿಕಾರಿ ಯಾರು ಸರ್?’, ಅಂದರೆ ಇದರ ಹೊಣೆ ಯಾರದು ಅಂತ ಕೇಳಿ. ಸೆಮಿಸ್ಟರ್ ಶುರುವಾದ ಮೊದಲ ತಿಂಗಳಲ್ಲೇ ಹೋಗಿ. ಹಾಲ್ ಟಿಕೆಟ್ ಬಂದ ಮೇಲೆ ಹೋದರೆ ಎಲ್ಲರೂ ಓಡಾಟದಲ್ಲಿರುತ್ತಾರೆ.

ಅರ್ಜಿಯಲ್ಲಿ ‘ಸೌಲಭ್ಯ ಒದಗಿಸಿ’ ಅಂತ ಮಾತ್ರ ಬರೆದರೆ ಸಾಲದು. ಒಂದೊಂದನ್ನೂ ಬಿಡಿಸಿ ಬರೆಯಿರಿ: ‘ನನಗೆ ಸ್ಕ್ರೈಬ್ ಬೇಕು. ಗಂಟೆಗೆ 20 ನಿಮಿಷದಂತೆ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯ ಬೇಕು. ನೆಲಮಹಡಿಯಲ್ಲಿ ಬೇರೆ ಕೊಠಡಿ ಬೇಕು.’ ಮಾತನಾಡುವ ಕ್ಯಾಲ್ಕುಲೇಟರ್, ಬ್ರೈಲ್ ಸ್ಲೇಟು ತರುವುದಿದ್ದರೆ ಅದನ್ನೂ ಸೇರಿಸಿ. ಸ್ಕ್ರೈಬ್ ಬೇಡ, ಕೈ ನಿಧಾನ ಅಷ್ಟೇ ಅನ್ನುವವರೂ ಈ ಹೆಚ್ಚುವರಿ ಸಮಯ ಕೇಳಬಹುದು. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಅರ್ಜಿ ಪ್ರಿನ್ಸಿಪಾಲರ ಮೂಲಕ ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವರಿಗೆ ಹೋಗಬೇಕು. ಒಂದು ಪ್ರತಿ ಕೋಶಕ್ಕೆ, ಇನ್ನೊಂದು ನಿಮ್ಮ ಹತ್ತಿರ. ನಿಮ್ಮ ಪ್ರತಿಯ ಮೇಲೆ ಸೀಲ್ ಮತ್ತು ಇನ್ವರ್ಡ್ ನಂಬರ್ (ಅರ್ಜಿ ಕಚೇರಿಯಲ್ಲಿ ದಾಖಲಾದ ಸಂಖ್ಯೆ) ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಸ್ಕ್ರೈಬ್ ಜೊತೆ ಕೂತು ನೋಡಿ

ನೀವೇ ಯಾರನ್ನಾದರೂ ಕರೆತರುತ್ತೀರೋ, ವಿಶ್ವವಿದ್ಯಾಲಯವೇ ಕೊಡಬೇಕೋ ಅನ್ನುವುದನ್ನು ಅರ್ಜಿಯಲ್ಲೇ ತಿಳಿಸಿ. ಸ್ಕ್ರೈಬ್ ಓದು ನಿಮ್ಮ ಓದಿಗಿಂತ ಕೆಳಗಿನ ಹಂತದ್ದಾಗಿರಬೇಕು. ಎಷ್ಟು ಕೆಳಗೆ ಅನ್ನುವುದನ್ನು ಪರೀಕ್ಷಾ ವಿಭಾಗದಲ್ಲಿ ಈ ವರ್ಷದ ಸುತ್ತೋಲೆ ನೋಡಿಯೇ ಖಚಿತ ಮಾಡಿಕೊಳ್ಳಿ. ಅವರ ಗುರುತಿನ ಚೀಟಿ, ಅಂಕಪಟ್ಟಿಯ ಪ್ರತಿ ಬೇಕಾಗುತ್ತದೆ.

ನನ್ನ ಪ್ರಕಾರ ಅಂಕ ಉಳಿಯುವುದು, ಹೋಗುವುದು ಇಲ್ಲಿಯೇ. ಪರಿಚಯ ಇಲ್ಲದವರ ಜೊತೆ ಮೊದಲ ಅರ್ಧ ಗಂಟೆ ‘ಏನಂದ್ರಿ?’ ಅನ್ನುವುದರಲ್ಲೇ ಹೋಗುತ್ತದೆ. ಹಳೆಯ ಪ್ರಶ್ನೆ ಪತ್ರಿಕೆ ಇಟ್ಟುಕೊಂಡು ಗಡಿಯಾರ ನೋಡಿ ಎರಡು ಸಲವಾದರೂ ಬರೆಸಿ. ಹೆಸರು, ಪಾರಿಭಾಷಿಕ ಪದ ಬಂದಾಗ ಒತ್ತಕ್ಷರ ಬಿಡಿಸಿ ಹೇಳಿ. ಅಲ್ಪವಿರಾಮ, ಹೊಸ ಪ್ಯಾರಾ ಎಲ್ಲಿ ಅನ್ನುವುದಕ್ಕೆ ನಿಮ್ಮಿಬ್ಬರದ್ದೇ ಒಂದು ಸನ್ನೆ ಇರಲಿ. ಆ ಅಕ್ಕ ಮೇಜಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದರೆ ಪೂರ್ಣವಿರಾಮ, ಎರಡು ಸಲ ತಟ್ಟಿದರೆ ಹೊಸ ಪ್ಯಾರಾ. ಅದರಿಂದ ಉಳಿದ ಸಮಯ ಕಡಿಮೆಯೇನಲ್ಲ. ಕೊನೆಯ ಹತ್ತು ನಿಮಿಷ ಪ್ರಶ್ನೆ ಸಂಖ್ಯೆಗಳನ್ನು ಒಂದೊಂದಾಗಿ ಓದಿಸಿ ಕೇಳಿ. ನಾನೇ ಒಮ್ಮೆ 4ಬಿ ಉತ್ತರಕ್ಕೆ 4ಎ ಅಂತ ಬರೆದುಬಿಟ್ಟಿದ್ದೆ. ಓದಿಸಿ ಕೇಳಿದ್ದಕ್ಕೆ ಸಿಕ್ಕಿತು.

ಸ್ಕ್ರೈಬ್ ಆಗುವವರಿಗೂ ಒಂದು ಮಾತು. ಉತ್ತರ ತಪ್ಪು ಅನ್ನಿಸಿದರೂ ತಿದ್ದಬೇಡಿ. ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ. ಒಪ್ಪಿಕೊಂಡ ಮೇಲೆ ಕೈಕೊಡಬೇಡಿ, ನಿಮ್ಮನ್ನು ನಂಬಿ ಒಬ್ಬರ ಸೆಮಿಸ್ಟರ್ ನಿಂತಿರುತ್ತದೆ.

ಪರೀಕ್ಷೆಯ ದಿನ

ಒಪ್ಪಿಗೆ ಪತ್ರ, ಯುಡಿಐಡಿ ಕಾರ್ಡ್, ಹಾಲ್ ಟಿಕೆಟ್ ಮೂರೂ ಒಂದೇ ಫೈಲಿನಲ್ಲಿರಲಿ. ಅರ್ಧ ಗಂಟೆ ಮೊದಲೇ ಮುಖ್ಯ ಅಧೀಕ್ಷಕರಿಗೆ ತೋರಿಸಿ. ಕೊಠಡಿಯಲ್ಲಿ ಕೂತ ತಕ್ಷಣ ‘ನಮ್ಮದು ಎಷ್ಟು ಗಂಟೆಗೆ ಮುಗಿಯುತ್ತದೆ?’ ಅಂತ ಮೇಲ್ವಿಚಾರಕರ ಬಾಯಲ್ಲೇ ಹೇಳಿಸಿ.

ಕೊಡಲ್ಲ ಅಂದರೆ

ಕಾರಣ ಬರವಣಿಗೆಯಲ್ಲಿ ಕೇಳಿ. ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅಲ್ಲಿಯೂ ಆಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ನೇಮಿಸಿದವರ ಬಳಿ ಮೇಲ್ಮನವಿ ಹಾಕಬಹುದು. ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೂ ದೂರು ಕೊಡಬಹುದು.

ಪರೀಕ್ಷೆ ನಾಳೆಯೇ ಇದ್ದರೆ ಇಷ್ಟೆಲ್ಲ ಕಾಯಲು ಆಗಲ್ಲ ಅಲ್ವಾ? ಆಗ ಪ್ರಿನ್ಸಿಪಾಲರ ಎದುರೇ ಕೂತು ಕುಲಸಚಿವರ ಕಚೇರಿಗೆ ಫೋನ್ ಮಾಡಿಸಿ. ಅವರು ಮೊದಲು ಕೇಳುವುದು ಇನ್ವರ್ಡ್ ನಂಬರ್.